ಓಝೋನ್ ಬೆರೆತ ಗಾಳಿಯಲ್ಲಿ ಹುಟ್ಟುವ ಬೆಳಕು: ಕೋಶ ಕಟ್ಟುವುದು, ಅಳೆಯುವುದು, ಕೆಟ್ಟಾಗ ಸರಿಪಡಿಸುವುದು

ಹತ್ತು ಘನ ಸೆಂಟಿಮೀಟರ್ ಹಿಡಿಸುವ ಪುಟ್ಟ ಲೋಹದ ಕೋಶ. ಒಂದು ತೂತಿನಿಂದ ರಸ್ತೆಬದಿಯ ಗಾಳಿ ಬರುತ್ತದೆ, ಇನ್ನೊಂದರಿಂದ ಓಝೋನ್. ಒಳಗೆ ಬೆಂಕಿ ಇಲ್ಲ, ಕಾದ ತಂತಿ ಇಲ್ಲ. ಗೋಡೆಯ ಬಿಸಿ 50 ಡಿಗ್ರಿ ಸೆಲ್ಸಿಯಸ್, ಲೋಟಕ್ಕೆ ಸುರಿದ ಕಾಫಿಗಿಂತ ತಣ್ಣಗೆ. ಆದರೂ ಅಲ್ಲಿ ಕಡುಗೆಂಪು ಬೆಳಕು ಹುಟ್ಟುತ್ತಿರುತ್ತದೆ. ಕಣ್ಣಿಗೆ ಕಾಣದಷ್ಟು ಮಂಕು, ಫೋಟಾನ್ ಫೋಟಾನ್ ಆಗಿ ಎಣಿಸಲು ಸಾಕಾಗುವಷ್ಟು. ನೈಟ್ರಿಕ್ ಆಕ್ಸೈಡ್ (ಎನ್‌ಒ) ಓಝೋನ್ ಜೊತೆ ಸೇರಿ ನೈಟ್ರೋಜನ್ ಡೈಆಕ್ಸೈಡ್ (ಎನ್‌ಒ2) ಆಗುವಾಗ ಹೊಮ್ಮುವ ಬೆಳಕು ಇದು; ಹೀಗೆ ಕ್ರಿಯೆಯಿಂದಲೇ ಹುಟ್ಟುವ ಬೆಳಕಿಗೆ ರಾಸಾಯನಿಕ ದೀಪ್ತಿ ಎಂದು ಹೆಸರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಮಾನದಂಡ ಎನ್‌ಒ2 ಅಳೆಯಲು ಹೆಸರಿಸಿರುವ ವಿಧಾನಗಳಲ್ಲಿ ಇದೂ ಒಂದು.

ಈ ಮಾರ್ಗದರ್ಶಿ ಆ ಕೋಶವನ್ನು ಕಾಲೇಜು ಪ್ರಯೋಗಾಲಯದಲ್ಲಿ ಕಟ್ಟುವವರಿಗೆ ಮತ್ತು ಸಿದ್ಧ ಉಪಕರಣವನ್ನು ನೋಡಿಕೊಳ್ಳುವವರಿಗೆ. ಒಂದು ಮಾತನ್ನು ಮೊದಲೇ ತಲೆಯಲ್ಲಿಟ್ಟುಕೊಂಡರೆ ಮುಂದಿನ ಪ್ರತಿ ಹಂತವೂ ತಾನೇ ಅರ್ಥವಾಗುತ್ತದೆ. ಉತ್ತೇಜಿತ ಅಣುವನ್ನು (ಅಂದರೆ ಮಿಕ್ಕ ಶಕ್ತಿಯನ್ನು ಎಲೆಕ್ಟ್ರಾನ್‌ನಲ್ಲಿ ಹಿಡಿದಿಟ್ಟುಕೊಂಡ ಅಣುವನ್ನು) ಹುಟ್ಟಿಸುವುದು ಸುಲಭ, ಅದು ಬೆಳಕು ಬಿಡುವ ತನಕ ಉಳಿಸಿಕೊಳ್ಳುವುದು ಕಷ್ಟ. ಪಂಪ್, ಸಣ್ಣ ತೂತು, ಒಣ ಗಾಳಿ, ಕೋಶದ ಗಾತ್ರ ಎಲ್ಲವೂ ಆ ಎರಡನೆಯ ಕೆಲಸಕ್ಕಾಗಿಯೇ ಇವೆ.

ಮೊದಲು ಶಕ್ತಿಯ ಲೆಕ್ಕ

ಯಾವ ರಾಸಾಯನಿಕ ಕ್ರಿಯೆ ಯಾವ ಬಣ್ಣದ ಬೆಳಕು ಕೊಡಬಲ್ಲದು ಎಂದು ನೋಡಲು ಒಂದು ಭಾಗಾಕಾರ ಸಾಕು. 1,19,600 ಅನ್ನು ಕ್ರಿಯೆ ಬಿಡುಗಡೆ ಮಾಡುವ ಶಕ್ತಿಯಿಂದ (ಒಂದು ಮೋಲ್‌ಗೆ ಕಿಲೋಜೂಲ್‌ಗಳಲ್ಲಿ) ಭಾಗಿಸಿ. ಬಂದದ್ದು ಆ ಕ್ರಿಯೆಯಿಂದ ಸಾಧ್ಯವಿರುವ ಅತಿ ಚಿಕ್ಕ ತರಂಗಾಂತರ, ನ್ಯಾನೋಮೀಟರ್‌ಗಳಲ್ಲಿ. ಎನ್‌ಒ ಮತ್ತು ಓಝೋನ್ ಸೇರಿದಾಗ ಸುಮಾರು 200 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಉತ್ತರ 598. ನಿಜಕ್ಕೂ ಈ ಬೆಳಕು 600 ನ್ಯಾನೋಮೀಟರ್ ಹತ್ತಿರ ಶುರುವಾಗಿ, 1200ರ ಆಸುಪಾಸಿನಲ್ಲಿ ಶಿಖರ ಮುಟ್ಟಿ, 2500ರ ಆಚೆಗೂ ಬಾಲ ಚಾಚುತ್ತದೆ. ಓಝೋನ್ ಬದಲು ಒಂಟಿ ಆಮ್ಲಜನಕ ಪರಮಾಣು ಎನ್‌ಒಗೆ ಅಂಟಿಕೊಂಡರೆ ಸುಮಾರು 300 ಕಿಲೋಜೂಲ್ ಸಿಗುತ್ತದೆ, ಗಡಿ 400 ನ್ಯಾನೋಮೀಟರ್‌ಗೆ ಜಾರುತ್ತದೆ, ಅದೇ ಎನ್‌ಒ2 ಈಗ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ. ಉತ್ಪನ್ನ ಒಂದೇ, ಕೈಯಲ್ಲಿರುವ ಬಂಡವಾಳ ಬೇರೆ.

ಬಂಡವಾಳ ಇದ್ದ ಮಾತ್ರಕ್ಕೆ ಬೆಳಕಾಗುವುದಿಲ್ಲ. ಬಹುಪಾಲು ಕ್ರಿಯೆಗಳಲ್ಲಿ ಶಕ್ತಿಯೆಲ್ಲ ಅಣುವಿನ ಕಂಪನ, ತಿರುಗುವಿಕೆ, ಓಟಕ್ಕೆ ಹೋಗಿ ಕೊನೆಗೆ ಬಿಸಿಯಾಗುತ್ತದೆ. ಎಲೆಕ್ಟ್ರಾನ್‌ಗೆ ಸಿಗಬೇಕಾದರೆ ಕ್ರಿಯೆಗೆ ಪ್ರತ್ಯೇಕ ದಾರಿ ಇರಬೇಕು. ಎನ್‌ಒ–ಓಝೋನ್‌ಗೆ ಎರಡು ದಾರಿಗಳಿವೆ. ತಳಸ್ಥಿತಿಯ ಎನ್‌ಒ2 (ಉತ್ತೇಜಿತವಲ್ಲದ್ದು) ಕೊಡುವ ದಾರಿಯ ತಡೆಗೋಡೆ, ಅಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿ, ಸುಮಾರು 10 ಕಿಲೋಜೂಲ್ ಎತ್ತರ, ಉತ್ತೇಜಿತ ಎನ್‌ಒ2 ಕೊಡುವುದರದ್ದು ಸುಮಾರು 17.5. ಕ್ಲೈನ್, ಥ್ರಶ್, ವೇಯ್ನ್ ಎಂಬ ಮೂವರು ವಿಜ್ಞಾನಿಗಳು 1964ರಲ್ಲಿ ಅಳೆದ ಅಂಕಿಗಳಿವು. ಅವನ್ನೇ ಹಿಡಿದು ಲೆಕ್ಕ ಹಾಕಿದರೆ ಕೋಣೆಯ ಬಿಸಿಯಲ್ಲಿ ನೂರಕ್ಕೆ ಸುಮಾರು 8 ಅಣು ಉತ್ತೇಜಿತವಾಗಿ ಹುಟ್ಟುತ್ತವೆ, 50 ಡಿಗ್ರಿಯಲ್ಲಿ ಸುಮಾರು 10. ಕೋಶವನ್ನು ಬೆಚ್ಚಗಿಡುವುದಕ್ಕೆ ಒಂದು ಕಾರಣ ಇಲ್ಲೇ ಸಿಕ್ಕಿತು. ಬಿಸಿ ಏರುಪೇರಾದರೆ ಓದು (ಉಪಕರಣ ತೋರಿಸುವ ಅಂಕಿ) ಯಾಕೆ ತೇಲಾಡುತ್ತದೆ ಎಂಬುದಕ್ಕೂ ಇದೇ ಉತ್ತರ.

ಅನಿಲಗಳಲ್ಲಿ ಉತ್ತೇಜಿತ ಅಣು ಹುಟ್ಟುವ ಇತರ ಬಗೆಗಳನ್ನೂ ಇಲ್ಲೇ ಹೇಳಿಬಿಡೋಣ. ಎರಡು ಪರಮಾಣು ಡಿಕ್ಕಿ ಹೊಡೆದು, ಮಿಕ್ಕ ಶಕ್ತಿಯನ್ನು ಪಕ್ಕದ ಮೂರನೇ ಅಣುವಿಗೆ ಕೊಟ್ಟು ಒಂದಾಗುವುದು ಒಂದು ಬಗೆ. ವಿದ್ಯುತ್ ವಿಸರ್ಜನೆ ನಿಂತ ಮೇಲೂ ಸಾರಜನಕ ಬಹಳ ಹೊತ್ತು ಹಳದಿಯಾಗಿ ಹೊಳೆಯುವುದು ಹೀಗೆ. ಹೈಡ್ರೋಜನ್ ಜ್ವಾಲೆಯಲ್ಲಿ ಎರಡು ಗಂಧಕ ಪರಮಾಣು ಸೇರಿ 394 ನ್ಯಾನೋಮೀಟರ್ ಸುತ್ತ ನೀಲಿ ಕೊಡುವುದೂ ಹೀಗೆ. ಗ್ಯಾಸ್ ಒಲೆಯ ನೀಲಿ ಜ್ವಾಲೆಯಲ್ಲಿ ಇಂಧನ ಒಡೆದ ಚೂರುಗಳು ಪರಸ್ಪರ ಕ್ರಿಯೆಗಿಳಿದು ಸಿಎಚ್ (431 ನ್ಯಾನೋಮೀಟರ್), ಸಿ2 (516), ಒಎಚ್ (308ರ ಸುತ್ತ) ಉತ್ತೇಜಿತವಾಗುತ್ತವೆ. ಅಡುಗೆಮನೆಯಲ್ಲಿ ದಿನವೂ ಕಾಣುವ ಆ ನೀಲಿ ಬಿಸಿಯ ಬಣ್ಣವಲ್ಲ, ರಾಸಾಯನಿಕ ದೀಪ್ತಿ. ಇನ್ನು ಒಂದು ಉತ್ತೇಜಿತ ಅಣು ತನ್ನ ಶಕ್ತಿಯನ್ನು ಬೇರೊಂದಕ್ಕೆ ದಾಟಿಸುವುದೂ ಉಂಟು. ಸುಮಾರು 97 ಕಿಲೋಮೀಟರ್ ಎತ್ತರದಲ್ಲಿ ಇರುಳಿಡೀ ಮಿನುಗುವ 557.7 ನ್ಯಾನೋಮೀಟರ್ ಹಸಿರು ಬಂದದ್ದು ಆ ದಾರಿಯಿಂದ.

ಮೂರು ಗಡಿಯಾರಗಳು

ಕೋಶದೊಳಗೆ ಮೂರು ಗಡಿಯಾರ ಒಟ್ಟಿಗೆ ಓಡುತ್ತಿವೆ ಎಂದುಕೊಳ್ಳಿ. ಒಂದು, ಎನ್‌ಒ ಓಝೋನ್ ಜೊತೆ ಸೇರಲು ತೆಗೆದುಕೊಳ್ಳುವ ಸಮಯ. ಎರಡು, ಉತ್ತೇಜಿತ ಎನ್‌ಒ2 ತಾನಾಗಿ ಬೆಳಕು ಬಿಡಲು ತೆಗೆದುಕೊಳ್ಳುವ ಸಮಯ, ಅದು ಹತ್ತಾರು ಮೈಕ್ರೋಸೆಕೆಂಡ್. ಮೂರು, ಅಷ್ಟರೊಳಗೆ ಪಕ್ಕದ ಸಾರಜನಕವೋ ಆಮ್ಲಜನಕವೋ ಬಂದು ಡಿಕ್ಕಿ ಹೊಡೆದು ಅದರ ಶಕ್ತಿಯನ್ನು ಕಸಿದುಕೊಳ್ಳಲು ಬೇಕಾದ ಸಮಯ. ಲ್ಯಾಬಿನವರು ಇದನ್ನು ಕ್ವೆಂಚಿಂಗ್ ಎನ್ನುತ್ತಾರೆ, ದೀಪ ನಂದಿಸುವುದು ಎಂದರೂ ಸರಿಯೇ.

ವಾತಾವರಣದ ಒತ್ತಡದಲ್ಲಿ ಮೂರನೇ ಗಡಿಯಾರ ಎರಡನೆಯದಕ್ಕಿಂತ ಹತ್ತಾರು ಸಾವಿರ ಪಟ್ಟು ವೇಗ, ಹುಟ್ಟಿದ ದೀಪಗಳೆಲ್ಲ ಹೆಚ್ಚುಕಡಿಮೆ ಅಲ್ಲೇ ನಂದುತ್ತವೆ. ಒತ್ತಡ ಇಳಿಸಿದರೆ ಡಿಕ್ಕಿ ಕಡಿಮೆ, ಬೆಳಕು ಹೆಚ್ಚು. ಹಾಗೆಂದು ತೀರಾ ಇಳಿಸಿದರೆ ಮೊದಲ ಗಡಿಯಾರ ನಿಧಾನವಾಗುತ್ತದೆ, ಅನಿಲವೂ ಕೋಶದಿಂದ ಬೇಗ ಹೊರಬೀಳುತ್ತದೆ, ಎನ್‌ಒ ಕ್ರಿಯೆಗೆ ಸಿಗದೆ ಪಂಪ್ ಸೇರುತ್ತದೆ. ನಡುವೆ ಒಂದು ಹದ ಇದೆ. ಈ ಕೋಶಕ್ಕೆ ಅದು 10 ಕಿಲೋಪಾಸ್ಕಲ್, ಅಂದರೆ ವಾತಾವರಣದ ಹತ್ತನೇ ಒಂದು ಭಾಗ.

ಆ ಹದವನ್ನು ಅಂಕಿಯಲ್ಲಿ ನೋಡೋಣ. ನಿಮಿಷಕ್ಕೆ 500 ಘನ ಸೆಂಟಿಮೀಟರ್ ಮಾದರಿ ಗಾಳಿ, 80 ಘನ ಸೆಂಟಿಮೀಟರ್ ಓಝೋನ್ ಬೆರೆತ ಒಣ ಗಾಳಿ. ಓಝೋನ್ ಯಂತ್ರ ಶೇ 0.5 ಕೊಡುತ್ತದೆ ಎಂದಿಟ್ಟುಕೊಂಡರೆ ಎರಡೂ ಬೆರೆತ ಮೇಲೆ ಸುಮಾರು 690 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 690). 10 ಕಿಲೋಪಾಸ್ಕಲ್, 50 ಡಿಗ್ರಿಯಲ್ಲಿ ಅದು ಘನ ಸೆಂಟಿಮೀಟರ್‌ಗೆ 1.5 × 10¹⁵ ಅಣು. ಈ ಬಿಸಿಯಲ್ಲಿ ಕ್ರಿಯೆಯ ವೇಗಾಂಕ ಸುಮಾರು 2.9 × 10⁻¹⁴. ಗುಣಿಸಿದರೆ ಸೆಕೆಂಡಿಗೆ 45, ಅಂದರೆ ಎನ್‌ಒ ಸರಾಸರಿ 22 ಮಿಲಿಸೆಕೆಂಡ್‌ನಲ್ಲಿ ಕ್ರಿಯೆಗೆ ಸಿಗುತ್ತದೆ. ಇತ್ತ ಇದೇ ಒತ್ತಡದಲ್ಲಿ ಅನಿಲ ಹಿಗ್ಗಿ ಸೆಕೆಂಡಿಗೆ ಸುಮಾರು 106 ಘನ ಸೆಂಟಿಮೀಟರ್ ಹರಿಯುತ್ತಿದೆ. ಹತ್ತು ಘನ ಸೆಂಟಿಮೀಟರ್ ಕೋಶದಲ್ಲಿ ಅದು ತಂಗುವುದು 94 ಮಿಲಿಸೆಕೆಂಡ್, ಬೇಕಾದ್ದರ ನಾಲ್ಕು ಪಟ್ಟು. ಚೆನ್ನಾಗಿ ಕಲಸಿಹೋಗುವ ಕೋಶದಲ್ಲಿ ಎನ್‌ಒದ ಶೇ 80ರಷ್ಟು ಕಿಟಕಿಯ ಮುಂದೆಯೇ ಉರಿಯುತ್ತದೆ. ಕೋಶವನ್ನು 3 ಘನ ಸೆಂಟಿಮೀಟರ್‌ಗೆ ಕುಗ್ಗಿಸಿದರೆ ಶೇ 55ರ ಆಸುಪಾಸಿಗೆ ಬೀಳುತ್ತದೆ. 100ಕ್ಕೆ ಹಿಗ್ಗಿಸಿದರೆ ಕ್ರಿಯೆ ಪೂರ್ಣ, ಆದರೆ ಬೆಳಕು ಪೂರ್ತಿ ಕೋಶಕ್ಕೆ ಚದುರಿ ಕಿಟಕಿಗೆ ಬೀಳುವ ಪಾಲು ಕಡಿಮೆ.

ಹಂತ 1: ಸಾಮಾನು ಹೊಂದಿಸುವುದು

ಕೋಶಕ್ಕೆ ಸ್ಟೇನ್‌ಲೆಸ್ ಸ್ಟೀಲ್ 316, ಒಳಮೈ ಕನ್ನಡಿಯಂತೆ ಪಾಲಿಶ್ ಮಾಡಿದ್ದು. ಚಿನ್ನದ ಲೇಪ ಇದ್ದರೆ ಕೆಂಪು ಬೆಳಕಿಗೆ ಇನ್ನೂ ಒಳ್ಳೆಯದು. ಒಂದು ಬದಿಗೆ ಗಾಜಿನ ಕಿಟಕಿ, ಓ-ರಿಂಗ್ ವಿಟಾನ್‌ನದು. ಸಾಮಾನ್ಯ ರಬ್ಬರ್ ಹಾಕಿದಿರೋ, ಓಝೋನ್ ಅದನ್ನು ಕೆಲವೇ ದಿನಗಳಲ್ಲಿ ಬಿರುಕು ಬಿಡಿಸುತ್ತದೆ. ಕೊಳವೆಗಳು ಟೆಫ್ಲಾನ್. ಸಿಲಿಕೋನ್ ಕೊಳವೆ ಬಗ್ಗಿಸಲು ಹಿತ, ಆದರೆ ಅದರ ಗೋಡೆಯ ಮೂಲಕ ಅನಿಲ ನುಸುಳುತ್ತದೆ, ಬೇಡ.

ಹರಿವನ್ನು ಕಟ್ಟುವುದಕ್ಕೆ ವಾಲ್ವ್ ತಿರುಗಿಸಿಕೊಂಡು ಕೂರಬೇಕಿಲ್ಲ. ಎರಡು ಕ್ರಿಟಿಕಲ್ ಆರಿಫಿಸ್ ಸಾಕು, ಮಾದರಿ ಗಾಳಿಗೆ 0.25 ಮಿಲಿಮೀಟರ್ ವ್ಯಾಸದ ತೂತು, ಓಝೋನ್‌ಗೆ 0.10 ಮಿಲಿಮೀಟರ್. ತೂತಿನ ಹಿಂದಿನ (ಕೋಶದ ಕಡೆಯ) ಒತ್ತಡ ಮುಂದಿನದರ (ಗಾಳಿ ಬರುವ ಕಡೆಯದರ) ಅರ್ಧಕ್ಕಿಂತ ಕಡಿಮೆ ಇರುವ ತನಕ ಗಾಳಿ ಅಲ್ಲಿ ಶಬ್ದವೇಗದಲ್ಲಿ ಹರಿಯುತ್ತದೆ, ಪಂಪ್ ಸ್ವಲ್ಪ ಸೋತರೂ ಹರಿವು ಬದಲಾಗದು. ಈ ಎರಡು ಗಾತ್ರಗಳು ನಿಮಿಷಕ್ಕೆ ಸುಮಾರು 500 ಮತ್ತು 80 ಘನ ಸೆಂಟಿಮೀಟರ್ ಕೊಡುತ್ತವೆ. ಪ್ರತಿ ತೂತಿನ ಮುಂದೆ ಸಿಂಟರ್ಡ್ ಸ್ಟೀಲ್ ಫಿಲ್ಟರ್ ಇರಲಿ. 0.10ರ ತೂತಿಗೆ ಒಂದು ಧೂಳಿನ ಕಣವೂ ಬಂಡೆಯೇ.

ಪಂಪ್ ಕೊಳ್ಳುವಾಗ ಬಹಳ ಜನ ಎಡವುತ್ತಾರೆ. ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಲೆಕ್ಕ ವಾತಾವರಣದ ಒತ್ತಡದ್ದು. ನಮಗೆ ಬೇಕಿರುವುದು 10 ಕಿಲೋಪಾಸ್ಕಲ್‌ನಲ್ಲಿ ನಿಮಿಷಕ್ಕೆ 6ರಿಂದ 7 ಲೀಟರ್ ಎಳೆಯುವ ಶಕ್ತಿ. ಎರಡು ಹಂತದ ಡಯಾಫ್ರಾಮ್ ಪಂಪ್, ಟೆಫ್ಲಾನ್ ಡಯಾಫ್ರಾಮ್ ಇರುವುದು, ಆ ಒತ್ತಡದಲ್ಲಿನ ಹರಿವಿನ ಗ್ರಾಫ್ ನೋಡಿಯೇ ಆರಿಸಿ.

ಬೆಳಕು ಹಿಡಿಯಲು ಕೆಂಪಿಗೆ ಸ್ಪಂದಿಸುವ ಮಲ್ಟಿಆಲ್ಕಲಿ ಕ್ಯಾಥೋಡ್ ಇರುವ ಫೋಟೋಮಲ್ಟಿಪ್ಲೈಯರ್ ಟ್ಯೂಬ್, ಅಂದರೆ ಪಿಎಂಟಿ. ನೀಲಿಗೆ ಮಾತ್ರ ಕಣ್ಣಿರುವ ಬೈಆಲ್ಕಲಿ ಟ್ಯೂಬ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಇಲ್ಲಿ ಅದು ಕುರುಡು. ಅದರ ಮುಂದೆ 600ರಿಂದ 650 ನ್ಯಾನೋಮೀಟರ್ ಮೇಲಿನದನ್ನು ಮಾತ್ರ ಬಿಡುವ ಕೆಂಪು ಗಾಜಿನ ಫಿಲ್ಟರ್. ಇದು ಅಲಂಕಾರಕ್ಕಲ್ಲ. ವಾಹನಗಳ ಹೊಗೆಯಲ್ಲಿ ಎಥಿಲೀನ್ ಇರುತ್ತದೆ, ಅದೂ ಓಝೋನ್ ಜೊತೆ ಸೇರಿ ಉತ್ತೇಜಿತ ಫಾರ್ಮಾಲ್ಡಿಹೈಡ್ ಕೊಟ್ಟು 440 ನ್ಯಾನೋಮೀಟರ್ ಸುತ್ತ ನೀಲಿಯಾಗಿ ಹೊಳೆಯುತ್ತದೆ. (ಒಂದು ಕಾಲದಲ್ಲಿ ಗಾಳಿಯ ಓಝೋನ್ ಅಳೆಯಲು ಆ ನೀಲಿಯನ್ನೇ ಬಳಸುತ್ತಿದ್ದರು.) ನಮಗೆ ಅದು ಬೇಡದ ನೆಂಟ, ಕೆಂಪು ಗಾಜು ಬಾಗಿಲಲ್ಲೇ ತಡೆಯುತ್ತದೆ.

ಹಂತ 2: ಓಝೋನ್ ಯಂತ್ರ

185 ನ್ಯಾನೋಮೀಟರ್ ಅತಿನೇರಳೆ ದೀಪದಿಂದ ಬರುವ ಓಝೋನ್ ಇಲ್ಲಿಗೆ ಸಾಲದು. ಕರೋನಾ ವಿಸರ್ಜನೆಯ ಯಂತ್ರವೇ ಬೇಕು. ಗಾಜು ಅಥವಾ ಸೆರಾಮಿಕ್ ತಡೆಗೋಡೆಯ ಆಚೀಚೆ ಎರಡು ಎಲೆಕ್ಟ್ರೋಡ್, ನಡುವೆ ಒಣ ಗಾಳಿ, ಮೇಲೆ ಕೆಲವು ಸಾವಿರ ವೋಲ್ಟ್.

ಇಲ್ಲಿ ಎಲ್ಲವೂ ಗಾಳಿಯ ಒಣತನದ ಮೇಲೆ ನಿಂತಿದೆ. ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಮೈನಸ್ 40 ಡಿಗ್ರಿ ಅಥವಾ ಇನ್ನೂ ಕೆಳಗೆ ಇರಬೇಕು. ಸಾಲದ್ದಕ್ಕೆ ತೇವ ಸೇರಿದರೆ ಓಝೋನ್ ಉತ್ಪತ್ತಿ ಕುಸಿಯುವುದಷ್ಟೇ ಅಲ್ಲ, ಕರೋನಾದಲ್ಲಿ ಹುಟ್ಟುವ ಸಾರಜನಕದ ಆಕ್ಸೈಡ್‌ಗಳು ನೀರಿನ ಜೊತೆ ಸೇರಿ ನೈಟ್ರಿಕ್ ಆಮ್ಲವಾಗಿ ಎಲೆಕ್ಟ್ರೋಡ್ ತಿನ್ನುತ್ತವೆ. ಸಿಲಿಕಾ ಜೆಲ್ ಮೊದಲು, ಅದರ ಹಿಂದೆ ಮಾಲೆಕ್ಯುಲರ್ ಸೀವ್. ಬಣ್ಣ ಬದಲಿಸುವ ಜೆಲ್‌ನ ಬಣ್ಣ ಮುಕ್ಕಾಲು ಉದ್ದಕ್ಕೆ ಬದಲಾದಾಗಲೇ ಹೊರತೆಗೆದು ಒಣಗಿಸಿ, ಪೂರ್ತಿ ಬದಲಾಗುವ ತನಕ ಕಾಯಬೇಡಿ. ಮಳೆಗಾಲದಲ್ಲಿ ಕರಾವಳಿಯ ಕಡೆ ಇದು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ.

ಯಂತ್ರ ಚಾಲೂ ಮಾಡುವ ಮೊದಲು ಪಂಪ್ ಓಡುತ್ತಿರಬೇಕು, ಪಂಪ್‌ಗೆ ಮುಂಚೆ ಓಝೋನ್ ಕೊಲ್ಲುವ ಕಾರ್ಟ್ರಿಜ್ ಕೂತಿರಬೇಕು. ಬಿಸಿ ಮಾಡಿದ ಮ್ಯಾಂಗನೀಸ್ ಡೈಆಕ್ಸೈಡ್ ಇದಕ್ಕೆ ಭರವಸೆಯ ಸಾಮಗ್ರಿ. ಇದ್ದಿಲೂ ಕೆಲಸ ಮಾಡುತ್ತದೆ, ಆದರೆ ಒಣ ಗಾಳಿಯ ಬದಲು ಶುದ್ಧ ಆಮ್ಲಜನಕ ಹರಿಸುತ್ತಿದ್ದರೆ ಇದ್ದಿಲಿನ ಹತ್ತಿರ ಹೋಗಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ಕೆಲಸದ ಜಾಗದಲ್ಲಿ ಓಝೋನ್‌ಗೆ ಸಾಮಾನ್ಯ ಮಿತಿ 0.1 ಪಿಪಿಎಂ. ಕೋಶಕ್ಕೆ ಹೋಗುವುದು ಅದರ ಹತ್ತಾರು ಸಾವಿರ ಪಟ್ಟು. ಜೆರಾಕ್ಸ್ ಯಂತ್ರದ ಹತ್ತಿರ ಬರುವಂಥ ಚುರುಕು ವಾಸನೆ ಬಂತೆಂದರೆ ಎಲ್ಲೋ ಸೋರುತ್ತಿದೆ; ಮೊದಲು ಹೈವೋಲ್ಟೇಜ್ ಆರಿಸಿ, ಆಮೇಲೆ ಹುಡುಕಿ.

ಹಂತ 3: ಕತ್ತಲು ಮತ್ತು ತಂಪು

ಪಿಎಂಟಿಗೆ ವೋಲ್ಟೇಜ್ ಇರುವಾಗ ಕೋಣೆಯ ಬೆಳಕು ಬಿದ್ದರೆ ಅದರ ಆಯುಷ್ಯ ಮುಗಿಯಬಹುದು. ಹಾಗಾಗಿ ಕೋಶ ಬಿಚ್ಚುವ ಮುನ್ನ ವೋಲ್ಟೇಜ್ ತೆಗೆಯುವುದು ಅಭ್ಯಾಸವಾಗಬೇಕು. ಟ್ಯೂಬನ್ನು ಪೆಲ್ಟಿಯರ್ ಕೂಲರ್‌ನಿಂದ 5 ಡಿಗ್ರಿಯ ಸುತ್ತ ಇಡಿ, ತಣ್ಣಗಾದಷ್ಟೂ ಕತ್ತಲಲ್ಲಿ ತಾನೇ ಎಣಿಸುವ ಸುಳ್ಳು ಎಣಿಕೆ ಕಡಿಮೆ. ತಣ್ಣಗಿನ ಗಾಜಿನ ಮೇಲೆ ತೇವ ಕೂರದಂತೆ ಟ್ಯೂಬಿನ ಕೋಣೆಗೆ ಒಣ ಗಾಳಿ ಹಾಯಿಸಿ ಅಥವಾ ಡೆಸಿಕೆಂಟ್ ಪ್ಯಾಕ್ ಇಡಿ. 50 ಡಿಗ್ರಿಯ ಕೋಶಕ್ಕೂ 5 ಡಿಗ್ರಿಯ ಟ್ಯೂಬಿಗೂ ನಡುವೆ ಎರಡು ಗಾಜಿನ ಪದರ, ಮಧ್ಯೆ ಅಂತರ ಇರಲೇಬೇಕು.

ಎಷ್ಟು ಬೆಳಕು ನಿರೀಕ್ಷಿಸಬೇಕು? ಗಾಳಿಯಲ್ಲಿ 1 ಪಿಪಿಬಿ (ನೂರು ಕೋಟಿ ಭಾಗದಲ್ಲಿ ಒಂದು) ಎನ್‌ಒ ಇದ್ದರೆ ನಿಮಿಷಕ್ಕೆ 500 ಘನ ಸೆಂಟಿಮೀಟರ್‌ನಲ್ಲಿ ಸೆಕೆಂಡಿಗೆ 2 × 10¹¹ ಎನ್‌ಒ ಅಣು ಬರುತ್ತವೆ. ಹತ್ತರಲ್ಲಿ ಒಂದು ಉತ್ತೇಜಿತ, 2 × 10¹⁰. ಅವುಗಳಲ್ಲಿ ನಂದದೆ ಉಳಿದು ಬೆಳಕು ಬಿಡುವುದು ಹತ್ತು ಸಾವಿರಕ್ಕೆ ಒಂದು ಎಂದು ಹಿಡಿಯಿರಿ, 2 × 10⁶. ಅದರಲ್ಲೂ ಪಿಎಂಟಿ ನೋಡಬಲ್ಲ 850 ನ್ಯಾನೋಮೀಟರ್ ಒಳಗಿನದು ಇಪ್ಪತ್ತರಲ್ಲಿ ಒಂದು, ಕಿಟಕಿಗೆ ಬೀಳುವುದು ಐದರಲ್ಲಿ ಒಂದು, ಕ್ಯಾಥೋಡ್ ಹಿಡಿಯುವುದು ನೂರಕ್ಕೆ ಐದು. ಕೊನೆಗೆ ಉಳಿಯುವುದು ಸೆಕೆಂಡಿಗೆ ಸಾವಿರ ಎಣಿಕೆ. ಒರಟು ಅಂದಾಜೇ, ಆದರೆ ನಿಮ್ಮ ಕೋಶ 1 ಪಿಪಿಬಿಗೆ 50 ಎಣಿಕೆ ಕೊಡುತ್ತಿದ್ದರೆ ಏನೋ ತಪ್ಪಿದೆ ಎಂದು ಹೇಳಲು ಸಾಕು. ಸರಪಳಿಯಲ್ಲಿ ಅತಿ ದೊಡ್ಡ ನಷ್ಟ ಎಲ್ಲಿ ಎಂಬುದನ್ನೂ ಗಮನಿಸಿ. ದುಬಾರಿ ಟ್ಯೂಬ್ ತಂದರೆ ಎರಡು ಪಟ್ಟು ಗಳಿಸಬಹುದು, ಒತ್ತಡ 20ರಿಂದ 10 ಕಿಲೋಪಾಸ್ಕಲ್‌ಗೆ ಇಳಿಸಿದರೂ ಹೆಚ್ಚುಕಡಿಮೆ ಅಷ್ಟೇ ಗಳಿಕೆ, ಖರ್ಚು ಒಂದು ಹೊಸ ಡಯಾಫ್ರಾಮ್.

ಹಂತ 4: ಸೋರಿಕೆ ನೋಡುವುದು

ಮಾದರಿ ಮತ್ತು ಓಝೋನ್ ಗಾಳಿಯ ಎರಡೂ ಬಾಯಿ ಮುಚ್ಚಿ ಪಂಪ್ ಓಡಿಸಿ. ಹರಿವಿನ ಮಾಪಕ ಸೊನ್ನೆಗೆ ಬರಬೇಕು, ಕೋಶದ ಒತ್ತಡ ಪಂಪ್‌ನ ತಳಮಟ್ಟಕ್ಕೆ ಇಳಿಯಬೇಕು. ಈಗ ಪಂಪ್ ಕಡೆಯ ವಾಲ್ವ್ ಮುಚ್ಚಿ ಐದು ನಿಮಿಷ ಕಾಯಿರಿ. ಒತ್ತಡ ಸರಸರ ಏರಿದರೆ ಕಿಟಕಿಯ ಓ-ರಿಂಗ್‌ನಿಂದ ಶುರುಮಾಡಿ ಒಂದೊಂದೇ ಕೂಡುಗಂಟು ನೋಡುತ್ತ ಬನ್ನಿ. ಸಣ್ಣ ಸೋರಿಕೆಯ ಕೆಡುಕೆಂದರೆ ಅದು ಕೈಗೆ ಸಿಗುವುದಿಲ್ಲ. ಕೋಣೆಯ ಗಾಳಿ ಒಳಗೆ ಸೇರಿ ಮಾದರಿಯನ್ನು ತೆಳುವಾಗಿಸುತ್ತದೆ, ಓದು ಸುಮ್ಮನೆ ಕಡಿಮೆ ಬರುತ್ತದೆ, ಗ್ರಾಫ್ ಮಾತ್ರ ಅಚ್ಚುಕಟ್ಟಾಗಿರುತ್ತದೆ.

ಹಂತ 5: ಸೊನ್ನೆ ಗೊತ್ತುಮಾಡುವುದು

ಓಝೋನ್ ನಿಲ್ಲಿಸಿ ಬಂದ ಎಣಿಕೆಯನ್ನೇ ಸೊನ್ನೆ ಎನ್ನುವುದು ಸುಲಭದ ದಾರಿ, ಸರಿಯಾದ ದಾರಿಯಲ್ಲ. ಓಝೋನ್ ಕೋಶದ ಗೋಡೆಯ ಕೊಳೆಯ ಮೇಲೂ ಮಂದವಾಗಿ ಬೆಳಗುತ್ತದೆ, ಓಝೋನ್ ನಿಂತರೆ ಅದೂ ನಿಲ್ಲುತ್ತದೆ. ಹಾಗೆ ಗೊತ್ತುಮಾಡಿದ ಸೊನ್ನೆ ನಿಜಕ್ಕಿಂತ ಕೆಳಗಿರುತ್ತದೆ, ಓದು ಯಾವಾಗಲೂ ಸ್ವಲ್ಪ ಹೆಚ್ಚು.

ಬದಲಿಗೆ ಕೋಶಕ್ಕೆ ಮುಂಚೆ 100 ಘನ ಸೆಂಟಿಮೀಟರ್ ಖಾಲಿ ಪಾತ್ರೆಯೊಂದನ್ನು ಅದೇ ಒತ್ತಡದಲ್ಲಿ ಕೂರಿಸಿ. ಮೂರು ದಾರಿಯ ವಾಲ್ವ್ ತಿರುಗಿಸಿ ಓಝೋನನ್ನು ಅಲ್ಲೇ ಬೆರೆಸಿದರೆ ಗಾಳಿ ಒಂದು ಸೆಕೆಂಡ್ ತಂಗುತ್ತದೆ, ಎನ್‌ಒದ ಶೇ 97ರಷ್ಟು ಅಲ್ಲಿಯೇ ಉರಿದುಹೋಗುತ್ತದೆ, ಅದರ ಬೆಳಕು ಪಿಎಂಟಿಗೆ ಕಾಣದು. ಕೋಶಕ್ಕೆ ಬರುವುದು ಓಝೋನ್, ಗೋಡೆಯ ಮಿನುಗು, ನಿಧಾನವಾಗಿ ಕ್ರಿಯೆ ನಡೆಸುವ ಹೈಡ್ರೋಕಾರ್ಬನ್‌ಗಳ ಮಿನುಗು. ಅಂದರೆ ಕಳೆಯಬೇಕಾದದ್ದೆಲ್ಲ ಒಟ್ಟಿಗೆ. ಕೆಲವು ನಿಮಿಷಕ್ಕೊಮ್ಮೆ ಈ ಸೊನ್ನೆ ತೆಗೆದು ಸರಾಸರಿ ಹಿಡಿಯಿರಿ.

ಹಂತ 6: ತಾಳೆ ಹಾಕುವುದು

ಪ್ರಮಾಣ ಗೊತ್ತಿರುವ ಅನಿಲ ಹರಿಸಿ ಉಪಕರಣದ ಓದನ್ನು ಅದಕ್ಕೆ ಹೊಂದಿಸುವುದೇ ತಾಳೆ ಹಾಕುವುದು (ಕ್ಯಾಲಿಬ್ರೇಷನ್). ಸಿಲಿಂಡರ್‌ನಲ್ಲಿ, ಸಾರಜನಕದೊಂದಿಗೆ ಬೆರೆಸಿದ 50 ಪಿಪಿಎಂ ಎನ್‌ಒ ಇರಲಿ. ಗಾಳಿಯಲ್ಲಿ ಬೆರೆಸಿದ ಎನ್‌ಒ ನಿಲ್ಲುವುದಿಲ್ಲ, ಆಮ್ಲಜನಕ ಅದನ್ನು ನಿಧಾನವಾಗಿ ಎನ್‌ಒ2 ಮಾಡುತ್ತದೆ. ರೆಗ್ಯುಲೇಟರ್ ಸ್ಟೇನ್‌ಲೆಸ್ ಸ್ಟೀಲ್‌ನದೇ ಆಗಬೇಕು. ಅದನ್ನು ಕೂರಿಸಿದ ಕೂಡಲೇ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ನಾಲ್ಕೈದು ಸಲ ಒತ್ತಡ ತುಂಬಿ ಬಿಟ್ಟು ತೊಳೆಯಿರಿ. ಈ ಎರಡು ನಿಮಿಷದ ಕೆಲಸ ಬಿಟ್ಟು, ಸಿಲಿಂಡರ್ ಕೆಟ್ಟಿದೆ ಎಂದು ವಾಪಸ್ ಕಳಿಸುವುದು ಅಪರೂಪವೇನಲ್ಲ.

ಎರಡು ಮಾಸ್ ಫ್ಲೋ ಕಂಟ್ರೋಲರ್‌ಗಳಿಂದ ನಿಮಿಷಕ್ಕೆ 50 ಘನ ಸೆಂಟಿಮೀಟರ್ ಸಿಲಿಂಡರ್ ಅನಿಲ, 4950 ಶುದ್ಧ ಗಾಳಿ. ಬೆರೆತ ಮೇಲೆ 500 ಪಿಪಿಬಿ. ಹೀಗೇ 400, 300, 200, 100, ಕೊನೆಗೆ ಸೊನ್ನೆ. ಪ್ರತಿ ಮಟ್ಟದಲ್ಲಿ ಓದು ನೆಲೆಯಾಗುವ ತನಕ, ಕಡಿಮೆಯೆಂದರೆ ಹತ್ತು ನಿಮಿಷ. ಮ್ಯಾನಿಫೋಲ್ಡ್‌ನಲ್ಲಿ (ಗಾಳಿ ಹಂಚುವ ಕೊಳವೆಯಲ್ಲಿ) ಮಿಕ್ಕ ಗಾಳಿ ಹೊರಹೋಗಲು ತೆರೆದ ಬಾಯಿ ಇರಲೇಬೇಕು. ಅದನ್ನು ಮುಚ್ಚಿದರೆ ಆರಿಫಿಸ್ ಮುಂದಿನ ಒತ್ತಡ ಏರಿ, ಹರಿವು ಹೆಚ್ಚಿ, ಬಂದ ಸರಳರೇಖೆ ಚೆಂದವಾಗಿಯೂ ಸುಳ್ಳಾಗಿಯೂ ಇರುತ್ತದೆ.

ತಾಳೆ ಹಾಕುವುದು ಉಪಕರಣ ನಿಲ್ಲುವ ಜಾಗದಲ್ಲೇ ಆಗಬೇಕು ಎಂಬ ನಿಯಮಕ್ಕೆ ಕಾರಣವೂ ಆರಿಫಿಸ್. ಅದು ಒಳಸೇರುವ ಗಾಳಿಯ ಗಾತ್ರವನ್ನು ಕಾಯ್ದುಕೊಳ್ಳುತ್ತದೆ, ತೂಕವನ್ನಲ್ಲ. ಸಮುದ್ರಮಟ್ಟದ ಮಂಗಳೂರಿನಲ್ಲಿ ಒತ್ತಡ ಸುಮಾರು 1010 ಹೆಕ್ಟೋಪಾಸ್ಕಲ್, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 910ರ ಆಸುಪಾಸು. ಅದೇ ತೂತಿನಿಂದ ಸೆಕೆಂಡಿಗೆ ಹೋಗುವ ಅಣುಗಳ ಸಂಖ್ಯೆ ಇಲ್ಲಿ ಶೇ 10 ಕಡಿಮೆ. ಕೋಶದ ಒತ್ತಡವೂ ಬದಲಾಗಿ ನಂದುವ ಪಾಲು ಬೇರೆಯಾಗುತ್ತದೆ. ಕರಾವಳಿಯಲ್ಲಿ ತಾಳೆ ಹಾಕಿ ಘಟ್ಟ ಹತ್ತಿಸಿದ ಉಪಕರಣದ ಓದನ್ನು ನಂಬಬೇಡಿ.

ಹಂತ 7: ಎನ್‌ಒ2 ಅನ್ನು ಈ ಆಟಕ್ಕೆ ತರುವುದು

ಗಾಳಿಯಲ್ಲಿ ಮೊದಲೇ ಇರುವ ಎನ್‌ಒ2 ಓಝೋನ್ ಜೊತೆ ಹೀಗೆ ಹೊಳೆಯುವುದಿಲ್ಲ. ಮಾದರಿ ಗಾಳಿಯನ್ನು ಸುಮಾರು 315 ಡಿಗ್ರಿಗೆ ಕಾಯಿಸಿದ ಮಾಲಿಬ್ಡಿನಂ ಚೂರುಗಳ ಮೂಲಕ ಹಾಯಿಸಿದರೆ ಎನ್‌ಒ2 ತನ್ನ ಒಂದು ಆಮ್ಲಜನಕವನ್ನು ಲೋಹಕ್ಕೆ ಕೊಟ್ಟು ಎನ್‌ಒ ಆಗುತ್ತದೆ. ಒಮ್ಮೆ ನೇರವಾಗಿ, ಒಮ್ಮೆ ಈ ಮಾಲಿಬ್ಡಿನಂ ಕನ್ವರ್ಟರ್ ಮೂಲಕ ಅಳೆದು ಕಳೆದರೆ ಎನ್‌ಒ2 ಸಿಕ್ಕಿತು.

ಈ ಕನ್ವರ್ಟರ್ ಬಗ್ಗೆ ಎರಡು ತಕರಾರು. ಅದು ಎನ್‌ಒ2 ಒಂದನ್ನೇ ಅಲ್ಲ, ನೈಟ್ರಿಕ್ ಆಮ್ಲ, ಪೆರಾಕ್ಸಿಅಸಿಟೈಲ್ ನೈಟ್ರೇಟ್ ಮುಂತಾದವನ್ನೂ ಎನ್‌ಒ ಮಾಡಿ ಲೆಕ್ಕಕ್ಕೆ ಸೇರಿಸುತ್ತದೆ. ರಸ್ತೆಬದಿಯಲ್ಲಿ ಇದು ಗಣನೆಗೆ ಬರದು, ಊರಾಚೆ ಮಧ್ಯಾಹ್ನದ ಹಳಸಿದ ಗಾಳಿಯಲ್ಲಿ ಎನ್‌ಒ2 ಸುಳ್ಳಾಗಿ ಉಬ್ಬುತ್ತದೆ. ಅಂಥ ಕಡೆ 395 ನ್ಯಾನೋಮೀಟರ್ ಎಲ್ಇಡಿಯಿಂದ ಎನ್‌ಒ2 ಒಡೆಯುವ ಬೆಳಕಿನ ಕನ್ವರ್ಟರ್ ಹಾಕುವುದೇ ಸರಿ. ಎರಡನೆಯದು, ಮಾಲಿಬ್ಡಿನಂ ಸವೆಯುತ್ತದೆ.

ಸವೆದಿದೆಯೇ ಎಂದು ನೋಡುವ ಪರೀಕ್ಷೆ ಈ ಕ್ರಿಯೆಯಿಂದಲೇ ಬರುತ್ತದೆ. ಶುದ್ಧ ಗಾಳಿಯಲ್ಲಿ 450 ಪಿಪಿಬಿ ಎನ್‌ಒ ಹರಿಸಿ. ಅದಕ್ಕೆ ಎನ್‌ಒ ಓದು 100ಕ್ಕೆ ಇಳಿಯುವಷ್ಟು ಓಝೋನ್ ಸೇರಿಸಿ, ಅಂದರೆ 350 ಪಿಪಿಬಿ ಎನ್‌ಒ2 ಅಲ್ಲೇ ತಯಾರಾಯಿತು. ಕನ್ವರ್ಟರ್ ದಾರಿಯ ಒಟ್ಟು ಓದು 450ರಲ್ಲೇ ನಿಲ್ಲಬೇಕು. 440 ಬಂದರೆ 350ರಲ್ಲಿ 10 ಕಳೆದುಹೋಗಿದೆ, ದಕ್ಷತೆ ಶೇ 97.1. ಶೇ 96ಕ್ಕಿಂತ ಕೆಳಗಿಳಿದರೆ ಮಾಲಿಬ್ಡಿನಂ ಬದಲಿಸಿ. ಎನ್‌ಒ ಯಾವಾಗಲೂ ಓಝೋನ್‌ಗಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಉಳಿದ ಓಝೋನ್ ಲೆಕ್ಕ ಕೆಡಿಸುತ್ತದೆ.

ವರದಿಗೆ ಬೇಕಾದ ಘಟಕಕ್ಕೆ 25 ಡಿಗ್ರಿಯಲ್ಲಿ 1 ಪಿಪಿಬಿ ಎನ್‌ಒ2 ಎಂದರೆ ಘನ ಮೀಟರ್‌ಗೆ 1.88 ಮೈಕ್ರೋಗ್ರಾಂ. ರಾಷ್ಟ್ರೀಯ ಮಾನದಂಡದ 24 ಗಂಟೆಯ ಮಿತಿ ಘನ ಮೀಟರ್‌ಗೆ 80 ಮೈಕ್ರೋಗ್ರಾಂ, ಸುಮಾರು 42.5 ಪಿಪಿಬಿ.

ಎಲ್ಲಿ ಕೆಡುತ್ತದೆ, ಯಾಕೆ

ಉದ್ದ ಕೊಳವೆ. ಛಾವಣಿಯಿಂದ ಉಪಕರಣಕ್ಕೆ 4 ಮಿಲಿಮೀಟರ್ ಒಳವ್ಯಾಸದ 10 ಮೀಟರ್ ಟೆಫ್ಲಾನ್ ಕೊಳವೆ ಎಳೆದಿದ್ದೀರಿ ಎಂದುಕೊಳ್ಳಿ. ಅದರ ಒಳಗಾತ್ರ 126 ಘನ ಸೆಂಟಿಮೀಟರ್, ನಿಮಿಷಕ್ಕೆ 500ರ ಹರಿವಿನಲ್ಲಿ ಗಾಳಿ 15 ಸೆಕೆಂಡ್ ಅದರಲ್ಲಿ ಕಳೆಯುತ್ತದೆ. ಹೊರಗಿನ ಗಾಳಿಯಲ್ಲಿ 50 ಪಿಪಿಬಿ ಓಝೋನ್ ಇದ್ದರೆ ಅಷ್ಟರಲ್ಲಿ ಎನ್‌ಒದ ಶೇ 30ರಷ್ಟು ಕೊಳವೆಯೊಳಗೇ ಎನ್‌ಒ2 ಆಗಿರುತ್ತದೆ. ಕೊಳವೆಯಲ್ಲಿ ಬೆಳಕಿಲ್ಲದ್ದರಿಂದ ಎನ್‌ಒ2 ಮತ್ತೆ ಒಡೆಯುವುದೂ ಇಲ್ಲ. ಒಟ್ಟು ಸರಿ ಬರುತ್ತದೆ, ಪಾಲು ತಪ್ಪುತ್ತದೆ, ಆದ್ದರಿಂದ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಹೋಗಬಹುದು. ದೊಡ್ಡ ಗಾಜಿನ ಮ್ಯಾನಿಫೋಲ್ಡ್‌ನಲ್ಲಿ ಬ್ಲೋವರ್‌ನಿಂದ ಗಾಳಿಯನ್ನು ಜೋರಾಗಿ ಎಳೆದು, ಅದರಿಂದ ಗಿಡ್ಡ ಕೊಳವೆಯಲ್ಲಿ ಮಾದರಿ ತೆಗೆಯಿರಿ. ಒಟ್ಟು ಸಮಯ 2 ಸೆಕೆಂಡ್ ಒಳಗಿದ್ದರೆ ನಷ್ಟ ಶೇ 5ರೊಳಗೆ.

ತೇವ. ನೀರಿನ ಅಣು ಸಾರಜನಕಕ್ಕಿಂತ ಬಹಳ ಚುರುಕಾಗಿ ಉತ್ತೇಜಿತ ಎನ್‌ಒ2 ಅನ್ನು ನಂದಿಸುತ್ತದೆ. ಒಣ ಅನಿಲದಿಂದ ತಾಳೆ ಹಾಕಿ ಜುಲೈ ತಿಂಗಳ ಕರಾವಳಿ ಗಾಳಿ ಅಳೆದರೆ ಓದು ಶೇಕಡಾ ಕೆಲವು ಅಂಶ, ಕೆಲವೊಮ್ಮೆ ಹತ್ತರ ಹತ್ತಿರ, ಕಡಿಮೆ ಬರುತ್ತದೆ. ಮಾದರಿ ದಾರಿಯಲ್ಲಿ ನೇಫಿಯಾನ್ ಕೊಳವೆಯ ಡ್ರೈಯರ್ ಹಾಕಿ, ತಾಳೆ ಅನಿಲವನ್ನೂ ಅದರ ಮೂಲಕವೇ ಹಾಯಿಸಿ.

ಕಿಟಕಿಯ ಮೇಲೆ ಬಿಳಿ ಪುಡಿ. ಓದು ವಾರವಾರ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದರೆ, ಹರಿವು ಮತ್ತು ಒತ್ತಡ ಸರಿ ಇದ್ದರೆ, ಕೋಶ ಬಿಚ್ಚಿ ನೋಡಿ. ಕರೋನಾದಿಂದ ಬಂದ ನೈಟ್ರಿಕ್ ಆಮ್ಲ ಗಾಳಿಯ ಅಮೋನಿಯಾ ಜೊತೆ ಸೇರಿ ಅಮೋನಿಯಂ ನೈಟ್ರೇಟ್ ಆಗಿ ಕೂತಿರುತ್ತದೆ. ಚರಂಡಿ, ದನದ ಕೊಟ್ಟಿಗೆ ಹತ್ತಿರದ ಕೇಂದ್ರಗಳಲ್ಲಿ ಇದು ಹೆಚ್ಚು. ಬಟ್ಟಿ ಇಳಿಸಿದ ನೀರಿನಿಂದ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ. ಬೆರಳು ತಾಗಬಾರದು. ಆರಿಫಿಸ್‌ಗಳನ್ನೂ ಅದೇ ಹೊತ್ತಿಗೆ ಅಲ್ಟ್ರಾಸೋನಿಕ್ ನೀರಿನಲ್ಲಿ ಹಾಕಿ ತೆಗೆಯಿರಿ, ಸೂಜಿಯಿಂದ ಚುಚ್ಚಿದರೆ ತೂತು ಹಿಗ್ಗಿತು ಎಂದೇ ಅರ್ಥ. ಜೋಡಿಸಿದ ಮೇಲೆ ಹಂತ 4 ಮತ್ತೊಮ್ಮೆ.

ಎನ್‌ಒ2 ಮೈನಸ್ ಬರುವುದು. ಉಪಕರಣ ಕೆಟ್ಟಿಲ್ಲ. ಒಂದೇ ಕೋಶ ಎನ್‌ಒ ಮತ್ತು ಒಟ್ಟನ್ನು ಸರದಿಯಲ್ಲಿ ಅಳೆಯುತ್ತಿದೆ. ನಡುವೆ ಒಂದು ಬಸ್ ಹೊಗೆ ಬಿಟ್ಟು ಹೋಯಿತು, ಎನ್‌ಒ ಓದುವಾಗ ಹೊಗೆ ಇತ್ತು, ಒಟ್ಟು ಓದುವಾಗ ಇರಲಿಲ್ಲ. ಸರದಿಯನ್ನು ಚಿಕ್ಕದು ಮಾಡಿ ಮತ್ತು ಹದಿನೈದು ನಿಮಿಷದ ಸರಾಸರಿ ತೆಗೆದು ಆಮೇಲೆ ಕಳೆಯಿರಿ. ಮೈನಸ್ ಅಂಕಿಗಳನ್ನು ಸೊನ್ನೆ ಎಂದು ತಿದ್ದಿ ಸರಾಸರಿ ಹಿಡಿದರೆ ಸರಾಸರಿ ಮೇಲಕ್ಕೆ ಜಾರುತ್ತದೆ, ಹಾಗೆ ಮಾಡಬೇಡಿ.

ಎಣಿಕೆ ಏಕಾಏಕಿ ಅರ್ಧಕ್ಕೆ ಬಿದ್ದರೆ ಮೊದಲು ಕೋಶದ ಒತ್ತಡ ನೋಡಿ. 10 ಇದ್ದದ್ದು 20 ಕಿಲೋಪಾಸ್ಕಲ್ ಆಗಿದ್ದರೆ ಪಂಪ್‌ನ ಡಯಾಫ್ರಾಮ್ ಹೋಗಿದೆ. ಆರಿಫಿಸ್ ಇನ್ನೂ ಶಬ್ದವೇಗದಲ್ಲೇ ಇರುವುದರಿಂದ ಹರಿವು ಸರಿಯಾಗಿಯೇ ತೋರಿಸುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. ಒತ್ತಡ ಸರಿ ಇದ್ದರೆ ಮುಂದಿನ ಅನುಮಾನ ಓಝೋನ್: ಒಣ ಗಾಳಿಯ ಜೆಲ್, ಆಮೇಲೆ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್.

ನಿಲ್ಲಿಸುವ ಕ್ರಮ

ಮೊದಲು ಓಝೋನ್ ಯಂತ್ರದ ಹೈವೋಲ್ಟೇಜ್, ನಂತರ ಪಿಎಂಟಿಯದು. ಎನ್‌ಒ ಸಿಲಿಂಡರ್‌ನ ಮುಖ್ಯ ವಾಲ್ವ್ ಮುಚ್ಚಿ, ರೆಗ್ಯುಲೇಟರ್‌ನಲ್ಲಿ ಉಳಿದದ್ದನ್ನು ಹೊರಗಿನ ದಾರಿಗೆ ಬಿಡಿ. ಪಂಪ್ ಇನ್ನೂ ಹದಿನೈದು ನಿಮಿಷ ಓಡಲಿ, ಕೋಶದಲ್ಲಿ ಉಳಿದ ಓಝೋನ್ ಮತ್ತು ಆಮ್ಲದ ಆವಿ ಒಣ ಗಾಳಿಯಲ್ಲಿ ತೊಳೆದುಹೋಗುತ್ತದೆ. ಕನ್ವರ್ಟರ್ ಮತ್ತು ಕೋಶದ ಹೀಟರ್ ಆರಿಸಿದ ಮೇಲೆ, ಎಲ್ಲ ತಣ್ಣಗಾದ ನಂತರವೇ ಪಂಪ್ ನಿಲ್ಲಿಸಿ, ಎರಡೂ ಬಾಯಿಗೆ ಮುಚ್ಚಳ ಹಾಕಿ.